ನಾಲ್ಕಕ್ಕೂ ‘ದ್ರೋಹ’ ಅಂತ ಬರೆದರೆ ಮಾರ್ಕ್ಸ್ ಹೋಗುತ್ತದೆ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯ ಮಕ್ಕಳೇ ಜಾಸ್ತಿ. ಇವರ ನೋಟ್‌ಬುಕ್ಕಿನಲ್ಲಿ ಪರ್ಫಿಡಿ, ಟ್ರೆಚರಿ, ಟ್ರೀಸನ್, ಡಿಸ್‌ಲಾಯಲ್ಟಿ ನಾಲ್ಕರ ಮುಂದೆಯೂ ಒಂದೇ ಪದ ಇರುತ್ತದೆ: ದ್ರೋಹ. ಬಾಯಿಪಾಠಕ್ಕೆ ಸುಲಭ. ಬಿಟ್ಟ ಸ್ಥಳ ತುಂಬಿ ಅಂದಾಗ ಮಾತ್ರ ನಾಲ್ಕೂ ಸರಿ ಅನ್ನಿಸಿಬಿಡುತ್ತವೆ. ಸುಮ್ನೆ ಪದಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವ ಗೈಡ್‌ಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಪರ್ಫಿಡಿ ಬಂದಾಗ ನಾನು ಗಂಜ್, ಅಂದರೆ ಇಲ್ಲಿನ ಧಾನ್ಯದ ಮಾರುಕಟ್ಟೆಯ ಉದಾಹರಣೆ ಕೊಡುತ್ತೇನೆ. ರೈತನೊಬ್ಬ ತೊಗರಿ ತಂದ. ಗುರುತಿಲ್ಲದ ಖರೀದಿದಾರ ತೂಕದಲ್ಲಿ ಹೊಡೆದ. ಅದು ಮೋಸ, ಚೀಟಿಂಗ್. ಇನ್ನೊಬ್ಬ ರೈತ ಅಪ್ಪನ ಕಾಲದಿಂದ ಒಂದೇ ಅಡತಿ (ಕಮಿಷನ್‌ಗೆ ರೈತರ ಮಾಲು ಮಾರಿಕೊಡುವ) ಅಂಗಡಿಗೆ ಹೋಗುವವನು. ಅಂಗಡಿಯವ, ‘ಕಾಕಾ, ಈಗ ರೇಟ್ ಬಿದ್ದದ. ಮಾಲು ನಮ್ಮಲ್ಲೇ ಇರ್ಲಿ, ರೇಟ್ ಬಂದ್ಮ್ಯಾಲ ಮಾರೋಣ್ರಿ’ ಅಂದ. ರೈತ ಚೀಟಿಯನ್ನೂ ಕೇಳದೆ ಊರಿಗೆ ಹೋದ. ಅಂಗಡಿಯವ ಮಾಲು ಮಾರಿ ದುಡ್ಡು ನುಂಗಿದ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ‘ನಂಬಿಸಿ ಕುತ್ತಿಗೆ ಕೊಯ್ಯೋದ್ರಿ ಸರ್’ ಅನ್ನುತ್ತಾರೆ. ಅದೇ ಪರ್ಫಿಡಿ. ಮೊದಲು ನಂಬಿಸಬೇಕು, ಆಮೇಲೆ ಆ ನಂಬಿಕೆಯನ್ನೇ ಬಳಸಿ ಹೊಡೆಯಬೇಕು.

ಬೇರು ಲ್ಯಾಟಿನ್ನಿನ ‘ಫಿಡೇಸ್’, ಅಂದರೆ ನಂಬಿಕೆ. ಶಾಲೆಯಿಂದ ಎಲ್ಲರೂ ತಂದಿರುವ ಬೋನಾಫೈಡ್ ಸರ್ಟಿಫಿಕೇಟಿನಲ್ಲೂ ಅದೇ ಬೇರು ಇದೆ.

ಯುದ್ಧದ ಕಾನೂನಿನಲ್ಲಿ ಈ ಪದ ಇನ್ನೂ ಚೊಕ್ಕವಾಗಿ ಕಾಣುತ್ತದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪ್ರೋಟೊಕಾಲಿನ 37ನೇ ವಿಧಿ ನೋಡಿ. ಶರಣಾದಂತೆ ಬಿಳಿ ಬಾವುಟ ತೋರಿಸಿ, ಹತ್ತಿರ ಬಂದವರ ಮೇಲೆ ಗುಂಡು ಹಾರಿಸಿದರೆ ಪರ್ಫಿಡಿ. ಸೊಪ್ಪು ಹೊದ್ದು ಅಡಗಿದರೆ ಅಲ್ಲ, ಅದು ಯುದ್ಧತಂತ್ರ. ಎರಡರಲ್ಲೂ ಶತ್ರು ಮೋಸಹೋಗುತ್ತಾನೆ. ಆದರೆ ಸೊಪ್ಪು ಯಾರಿಗೂ ಮಾತು ಕೊಟ್ಟಿರುವುದಿಲ್ಲ, ಅಲ್ವಾ?

ಉಳಿದ ಮೂರು ಸುಲಭ. ಟ್ರೀಸನ್ ದೇಶದ ವಿರುದ್ಧ ಮಾಡುವಂಥದ್ದು. ಡಿಸ್‌ಲಾಯಲ್ಟಿ ಅಂದರೆ ನಿಷ್ಠೆ ಇಲ್ಲದಿರುವುದು, ಅದಕ್ಕೆ ಸಂಚು ಬೇಕಿಲ್ಲ. ಟ್ರೆಚರಿ ಪರ್ಫಿಡಿಗೆ ತೀರಾ ಹತ್ತಿರ, ಬಳಕೆ ಹೆಚ್ಚು. ಜಾರುವ ರಸ್ತೆಗೂ ‘ಟ್ರೆಚರಸ್’ ಅನ್ನುತ್ತಾರೆ, ‘ಪರ್ಫಿಡಿಯಸ್’ ಅನ್ನುವುದಿಲ್ಲ.

ಪತ್ರಲೇಖನದಲ್ಲಿ ಮಾತ್ರ ಪರ್ಫಿಡಿ ಹಾಕಬೇಡಿ, ಅದು ಪುಸ್ತಕದ ಪದ. ದೂರು ಬರೆಯುವಾಗ ‘ಬ್ರೀಚ್ ಆಫ್ ಟ್ರಸ್ಟ್’ ಸಾಕು. ಒಪ್ಪಿಸಿದ ಮಾಲು ನುಂಗಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 316ನೇ ಕಲಂ ಇದೆ. ಚೀಟಿಂಗ್‌ಗೆ 318.