ಮಳೆ ಬಂದಾಗ ಕೂತು ನೋಡಿ ತಗೊಂಡ ಕ್ಯಾರವಾನ್

ಸಿನಿಮಾದವರ ಕ್ಯಾರವಾನ್ ನೋಡಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರವಾನ್ ಅಂದರೆ ಎಂಜಿನ್ ಇಲ್ಲದ ಗಾಡಿ. ಕಾರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಸಿಂಕ್, ಕಪಾಟು ಎಲ್ಲ ಇರುತ್ತದೆ. ನಾವೂ ಒಂದು ತಗೊಂಡೆವು. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಹುಡುಕಿದ್ದು ನಾಲ್ಕು ತಿಂಗಳು.

ನಮ್ಮವರಿಗೆ ಹಳೇ ಕಾಲದ ರೂಪದ್ದೇ ಬೇಕಿತ್ತು. ದುಂಡು ಮೂಲೆ, ಎರಡು ಬಣ್ಣ, ಒಳಗೆ ಮರದ ಕಪಾಟು. ನನಗೂ ಇಷ್ಟವೇ. ಈಗಿನವು ಬಹುಪಾಲು ಬಿಳಿ ಡಬ್ಬಿಯ ಹಾಗೆ ಕಾಣುತ್ತವೆ, ಅವುಗಳ ಮೇಲೆ ಮನಸ್ಸೇ ಬರಲಿಲ್ಲ.

ಮೊದಲು ನೋಡಿದ್ದು ನಿಜವಾಗಿಯೂ ಹಳೆಯದು, 1970ರ ದಶಕದ್ದು. ಕೆನೆ ಬಣ್ಣ, ಕೆಳಗೆ ಹಸಿರು ಪಟ್ಟಿ. ಮಕ್ಕಳು ಹತ್ತಿ ಕೂತೇಬಿಟ್ಟರು, ಮಗಳು ಯಾವ ಮೂಲೆ ತನ್ನದು ಅಂತಲೂ ಹೇಳಿಯಾಗಿತ್ತು. ನಾನು ಕಿಟಕಿಯ ಕೆಳಗೆ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಒಳಕ್ಕೆ ಹೋಯಿತು. ಬಾಗಿಲ ಬಳಿ ನೆಲವೂ ಮೆತ್ತಗಿತ್ತು. ಆಗಿನ ಕ್ಯಾರವಾನ್‌ಗಳಿಗೆ ಮರದ ಪಟ್ಟಿಗಳೇ ಅಸ್ಥಿಪಂಜರ, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್. ಸಂದಿಗಳಲ್ಲಿ ತುಂಬಿದ ಸೀಲೆಂಟ್ ಒಣಗಿ ಬಿರುಕು ಬಿಟ್ಟರೆ ನೀರು ಸದ್ದಿಲ್ಲದೆ ಒಳಗೆ ಇಳಿಯುತ್ತದೆ, ಮರ ಕೊಳೆಯುತ್ತದೆ, ಮೇಲೆ ಹೊಸ ಬಣ್ಣ ಬಳಿದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ತೇವ 15 ಪರ್ಸೆಂಟ್ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ತೊಂದರೆ. ಅಲ್ಲಿ 30ರ ಮೇಲೆ ತೋರಿಸಿತು. ವಾಪಸ್ ಬರುವಾಗ ಮಗಳು ದಾರಿಯುದ್ದಕ್ಕೂ ಅತ್ತಳು, ನನಗೂ ಬೇಜಾರಾಯಿತು. ಆದರೂ ಬೂಸ್ಟು ಹಿಡಿದ ಗೋಡೆಯ ಪಕ್ಕ ಪುಟ್ಟ ಮಕ್ಕಳನ್ನು ಹೇಗೆ ಮಲಗಿಸುವುದು?

ಆಮೇಲೆ, ರೂಪ ಹಳೆಯದು ವಯಸ್ಸು ಕಡಿಮೆ ಇರುವವುಗಳ ಕಡೆ ತಿರುಗಿದೆವು. ನೀರ ಹನಿಯ ಆಕಾರದ ಪುಟಾಣಿ ಕ್ಯಾರವಾನ್‌ಗಳು ಎಷ್ಟು ಮುದ್ದು ಅಂದರೆ, ನೋಡಿದ ತಕ್ಷಣ ಬೇಕು ಅನ್ನಿಸುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಅಡುಗೆಮನೆ ಹಿಂದುಗಡೆ, ಮುಚ್ಚಳ ಎತ್ತಿ ಹೊರಗೆ ನಿಂತೇ ಬೇಯಿಸಬೇಕು. ಇಬ್ಬರೇ ಇದ್ದರೆ ಚೆಂದ. ಮೂರು ವರ್ಷದ ಹುಡುಗನನ್ನು ಒಳಗೆ ಬಿಟ್ಟು ಮಳೆಯಲ್ಲಿ ಒಲೆ ಹಚ್ಚಲು ನನ್ನಿಂದಾಗದು.

ಕೊನೆಗೆ ಮನಸ್ಸು ನಿಂತಿದ್ದು ಎರಿಬಾ ಅನ್ನುವ ಕಂಪನಿಯ ಕ್ಯಾರವಾನ್ ಮೇಲೆ. 1957ರಲ್ಲಿ ಜರ್ಮನಿಯಲ್ಲಿ ಎರ್ವಿನ್ ಹೈಮರ್ ಮತ್ತು ಎರಿಕ್ ಬಾಹೆಮ್ ಸೇರಿ ಶುರು ಮಾಡಿದ್ದು. ಬಾಹೆಮ್ ಅವರ ಹೆಸರಿನ ಮೊದಲಕ್ಷರಗಳಿಂದಲೇ ಎರಿಬಾ ಆಯಿತು. ಅವರು ಮೊದಲು ವಿಮಾನ ವಿನ್ಯಾಸ ಮಾಡುತ್ತಿದ್ದವರು. ಅದಕ್ಕೇ ಇರಬೇಕು, ಒಳಗೆ ಮರದ ಬದಲು ಉಕ್ಕಿನ ಕೊಳವೆಗಳ ಚೌಕಟ್ಟು. ದುಂಡು ರೂಪವನ್ನೂ ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದಾರೆ. ಎಳೆಯುವಾಗ ಛಾವಣಿ ತಗ್ಗಿರುತ್ತದೆ, ಗಾಳಿಯ ಹೊಡೆತ ಕಡಿಮೆ, ನಿಲ್ಲಿಸಿದ ಮೇಲೆ ಮೇಲಕ್ಕೆತ್ತಿಕೊಳ್ಳಬಹುದು. ಎತ್ತಿದ ಭಾಗದ ಸುತ್ತ ಬಟ್ಟೆ ಇರುತ್ತದೆ. ಒದ್ದೆಯಿದ್ದಾಗಲೇ ಮುಚ್ಚಿ ಹೊರಟರೆ, ಮನೆಗೆ ಬಂದು ಮತ್ತೆ ಎತ್ತಿ ಒಣಗಿಸಲೇಬೇಕು.

ನಮಗೆ ಸಿಕ್ಕಿದ್ದನ್ನು ನೋಡಲು ಹೋದ ದಿನ ಜೋರು ಮಳೆ. ನಮ್ಮವರು "ಇನ್ನೊಂದು ದಿನ ಬರೋಣ" ಅಂದರು. "ಬೇಡ ರೀ, ಇವತ್ತೇ ನೋಡಬೇಕು" ಅಂದೆ. ಮಾರುವವರನ್ನು ಕೇಳಿಕೊಂಡು, ಬಾಗಿಲು ಹಾಕಿ, ನಾಲ್ಕೂ ಜನ ಒಂದು ಗಂಟೆ ಒಳಗೇ ಕೂತೆವು. ಒದ್ದೆ ಬೂಟು ಎಲ್ಲಿಡುವುದು? ಮೇಜನ್ನು ತಗ್ಗಿಸಿ ಹಾಸಿಗೆ ಮಾಡುವಾಗ, ಆಗಲೇ ನಿದ್ದೆ ಹೋದ ಮಗುವನ್ನು ಎಲ್ಲಿ ಮಲಗಿಸುವುದು? ರಾತ್ರಿ ಒಬ್ಬರು ಎದ್ದರೆ ಇನ್ನೊಬ್ಬರನ್ನು ತುಳಿಯದೆ ಬಾಗಿಲ ತನಕ ಹೋಗಬಹುದಾ? ಎಲ್ಲವನ್ನೂ ಮಾಡಿಯೇ ನೋಡಿದೆವು. ಮಕ್ಕಳಿಗೆ ಒಂದರ ಮೇಲೊಂದು ಹಾಸಿಗೆ ಇತ್ತು, ಮೇಲಿನದಕ್ಕೆ ತಡೆಯೂ ಇತ್ತು. ಆರು ವರ್ಷಕ್ಕಿಂತ ಚಿಕ್ಕವರನ್ನು ಮೇಲೆ ಮಲಗಿಸಬಾರದು ಅನ್ನುತ್ತಾರೆ, ಮಗಳಿಗೆ ಅಷ್ಟಾಗಿತ್ತು. ಬಿಸಿಲಿನಲ್ಲಿ ಹೋಗಿದ್ದರೆ ಇದ್ಯಾವುದೂ ತಲೆಗೆ ಹೊಳೆಯುತ್ತಿರಲಿಲ್ಲ.

ತೂಕದ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ. ಖಾಲಿ ಗಾಡಿಯ ತೂಕ ಒಂದು, ತುಂಬಿದ ಮೇಲೆ ಮೀರಬಾರದ ತೂಕ ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸವಷ್ಟೇ ನಾವು ತುಂಬಬಹುದಾದ ಸಾಮಾನು. ನಮ್ಮದರಲ್ಲಿ ಅದು 170 ಕೆಜಿ. ಜಾಸ್ತಿ ಅನ್ನಿಸಿತ್ತು, ಆದರೆ ಹೊರಗೆ ಕಟ್ಟುವ ಟೆಂಟು, ಗ್ಯಾಸ್ ಸಿಲಿಂಡರ್, ಮಗನ ತಳ್ಳುಗಾಡಿ, ಹಾಸಿಗೆ, ಪಾತ್ರೆ ಎಲ್ಲ ಒಂದೊಂದಾಗಿ ತೂಗುತ್ತ ಹೋದರೆ ಬೇಗ ಮುಗಿಯುತ್ತದೆ. ಹೊಸಬರಾದರೆ, ತುಂಬಿದ ಕ್ಯಾರವಾನ್ ಕಾರಿನ ತೂಕದ 85 ಪರ್ಸೆಂಟ್ ದಾಟದಿರಲಿ ಅನ್ನುವುದು ಇಲ್ಲಿಯ ಅನುಭವಸ್ಥರ ಮಾತು. ಅದನ್ನು ನಾವು ಪಾಲಿಸುತ್ತೇವೆ.

ಲೈಸೆನ್ಸಿನ ಗೊಂದಲವೂ ಈಗಿಲ್ಲ. 1997ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರು ಭಾರದ ಕ್ಯಾರವಾನ್ ಎಳೆಯಲು ಮತ್ತೊಂದು ಪರೀಕ್ಷೆ ಕೊಡಬೇಕಿತ್ತು, 2021ರ ಡಿಸೆಂಬರ್ 16ರಿಂದ ಅದು ಬೇಕಿಲ್ಲ. ಮೋಟರ್‌ವೇನಲ್ಲಿ ಗಂಟೆಗೆ 60 ಮೈಲಿ ದಾಟುವಂತಿಲ್ಲ, ಮೂರು ಲೇನ್ ಇದ್ದರೆ ಬಲತುದಿಯದಕ್ಕೆ ಹೋಗುವಂತಿಲ್ಲ. ಓಡುವಾಗ ಒಳಗೆ ಯಾರೂ ಕೂರಬಾರದು. ಮಗಳು ಪ್ರತಿಸಲ ಕೇಳುತ್ತಾಳೆ, ಪ್ರತಿಸಲ ಬೇಡ ಅನ್ನುತ್ತೇನೆ.

ಇನ್ನೊಂದು ಮಾತು, ಟೈರ್ ಸವೆದಿಲ್ಲ ಅಂದಮಾತ್ರಕ್ಕೆ ಚೆನ್ನಾಗಿದೆ ಅಂತ ನಂಬಬೇಡಿ. ಕ್ಯಾರವಾನ್ ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುತ್ತದೆ, ಟೈರ್ ಸವೆಯುವ ಮೊದಲೇ ಹಳೆಯದಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಏಳು ವರ್ಷ ದಾಟಲು ಬಿಡಬಾರದು. ನಾವು ಕೊಂಡ ವಾರವೇ ಎರಡೂ ಬದಲಾಯಿಸಿದೆವು, ಒಳಗೆ ವಿಷಗಾಳಿ ತುಂಬಿದರೆ ಕೂಗಿ ಎಚ್ಚರಿಸುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಹೊಸದು ಹಾಕಿಸಿದೆವು.

ಮೊದಲ ಸಲ ಹೋಗಿದ್ದು ವಿಟ್ಬಿ ಕಡೆ, ಸಮುದ್ರದ ಹತ್ತಿರ. ಎರಡನೇ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಮಗ ಬೂಟು ಬಿಚ್ಚಿ ಬಾಗಿಲ ಬಳಿಯ ಡಬ್ಬಿಗೆ ಹಾಕಿ, ತನ್ನ ಹಾಸಿಗೆ ಹತ್ತಿ, ತಗಡಿನ ಮೇಲೆ ಹನಿ ಬೀಳುವ ಸದ್ದು ಕೇಳುತ್ತಲೇ ನಿದ್ದೆ ಹೋದ.