ಜಾಲಹಳ್ಳಿಯ ಸುಜಾತಾ

ತಮಿಳು ಓದುವ ಯಾರ ಹತ್ತಿರವಾದರೂ ಸುಜಾತಾ ಹೆಸರು ಎತ್ತಿ ನೋಡಿ, ಮಾತು ಬೇಗ ಮುಗಿಯುವುದಿಲ್ಲ. ನಮ್ಮ ಕಡೆ ಮಾತ್ರ "ಯಾರು, ಆ ನಟಿನಾ?" ಅಂತಾರೆ. ಅಲ್ಲ ಮಾರಾಯ್ರೇ, ಇವರು ಗಂಡಸು, ತಮಿಳು ಲೇಖಕ. ನಿಜವಾದ ಹೆಸರು ಎಸ್. ರಂಗರಾಜನ್. ಕುಮುದಂ ಅನ್ನೋ ತಮಿಳು ವಾರಪತ್ರಿಕೆಯಲ್ಲಿ ಆಗಲೇ ರಾ. ಕಿ. ರಂಗರಾಜನ್ ಅಂತ ಇನ್ನೊಬ್ಬರಿದ್ದರು, ಗೊಂದಲ ಯಾಕೆ ಅಂತ ಹೆಂಡತಿಯ ಹೆಸರನ್ನೇ ಇಟ್ಟುಕೊಂಡರು.

ನನಗೆ ಬೇಜಾರು ಏನು ಗೊತ್ತಾ? ಈ ಮನುಷ್ಯ ವರ್ಷಗಟ್ಟಲೆ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ, ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿ. ಹುಟ್ಟಿದ್ದು 1935ರಲ್ಲಿ, ಚೆನ್ನೈನಲ್ಲಿ. ಬೆಳೆದದ್ದು ಶ್ರೀರಂಗದಲ್ಲಿ, ಅಜ್ಜಿ ಮನೆಯಲ್ಲಿ. ಅಬ್ದುಲ್ ಕಲಾಂ ಓದಿದ ಕಾಲೇಜುಗಳಲ್ಲೇ ಓದಿದರು, ಮೊದಲು ತಿರುಚ್ಚಿಯ ಸೇಂಟ್ ಜೋಸೆಫ್ಸ್, ಆಮೇಲೆ ಚೆನ್ನೈನ ಕ್ರೋಮ್‌ಪೇಟೆಯ ಎಂಐಟಿ (ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ). ವಿಮಾನಯಾನ ಇಲಾಖೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಬಿಇಎಲ್ ಇರುವ ಜಾಲಹಳ್ಳಿಗೆ ಬಂದರು. ನಾವು ಬಟನ್ ಒತ್ತಿ ವೋಟು ಹಾಕುವ ಯಂತ್ರ ಇದೆಯಲ್ಲ, ಬಿಇಎಲ್‌ನಲ್ಲಿ ಅದರ ಕೆಲಸದ ಮುಂದಾಳತ್ವ ಅವರದ್ದೇ. ಹಗಲು ಸರ್ಕ್ಯೂಟು, ಉಳಿದ ಹೊತ್ತಲ್ಲಿ ವಾರಪತ್ರಿಕೆಗಳಿಗೆ ಧಾರಾವಾಹಿ!

ಎಂಜಿನಿಯರ್ ಬುದ್ಧಿ ಬರವಣಿಗೆಗೂ ಇಳಿದಿತ್ತು ಅಂತ ನನಗನಿಸುತ್ತೆ. ವಾಕ್ಯ ಚಿಕ್ಕದು, ವರ್ಣನೆ ಕಮ್ಮಿ, ಮಾತು ಜಾಸ್ತಿ. ಒಬ್ಬ ಮೆಟ್ಟಿಲು ಇಳಿದ ಅಂತ ಹೇಳಲು ಆ ಪದದ ಅಕ್ಷರಗಳನ್ನೇ ಒಂದರ ಕೆಳಗೊಂದು ಮೆಟ್ಟಿಲಿನಂತೆ ಅಚ್ಚು ಹಾಕಿಸಿದವರು. ಕೆಲವರಿಗೆ ಇದು ಗಿಮಿಕ್ ಅನಿಸಬಹುದು, ನನಗೆ ಮಾತ್ರ ಖುಷಿಯಾಗುತ್ತೆ. 'ನೈಲಾನ್ ಕಯಿರು' ಕಾದಂಬರಿಯ ಹೊತ್ತಿಗೆ ಬಂದ ವಕೀಲ ಗಣೇಶ್, ಆಮೇಲೆ ಜೊತೆಗೂಡಿದ ತುಂಟ ವಸಂತ್, ಇಬ್ಬರೂ ತಮಿಳರ ಮನೆಯವರಂತೆ ಆಗಿಹೋದರು. 'ಎನ್ ಇನಿಯ ಇಯಂದಿರಾ'ದಲ್ಲಿ ಜೀನೋ ಅನ್ನೋ ರೋಬೋ ನಾಯಿ ಬರುತ್ತೆ, ಅದರ ಮಾತು ಕೇಳಿದರೆ ಮನುಷ್ಯರೇ ಸ್ವಲ್ಪ ಪೆದ್ದರು ಅನಿಸುತ್ತೆ.

ಬರೀ ಮಜಾ ಕೊಟ್ಟವರು ಅಂತ ಸುಮ್ನೆ ಬದಿಗಿಡುವ ಹಾಗೂ ಇಲ್ಲ. 1857ರ ದಂಗೆಯ ಹಿನ್ನೆಲೆಯಲ್ಲಿ ಒಂದು ಧಾರಾವಾಹಿ ಶುರುಮಾಡಿದರು. "ನಮ್ಮ ಸಮುದಾಯವನ್ನು ಕೀಳಾಗಿ ತೋರಿಸಿದ್ದಾರೆ" ಅಂತ ಒಂದು ಸಮುದಾಯದವರಿಂದ ಗಲಾಟೆ ಎದ್ದಿತು, ಪತ್ರಿಕೆಯವರು ಆ ಧಾರಾವಾಹಿಯನ್ನು ನಿಲ್ಲಿಸಬೇಕಾಯಿತು. ಆದರೆ ಕಥೆಯನ್ನು ಅವರು ಬಿಟ್ಟುಬಿಡಲಿಲ್ಲ, ಆಮೇಲೆ 'ರತ್ತಂ ಒರೇ ನಿರಂ' ಅಂತ ಬೇರೆ ಹೆಸರಲ್ಲಿ ಬರೆದರು. ಇನ್ನೊಂದು ಕಡೆ ಪುರನಾನೂರು ತರಹದ ಹಳೇ ಸಂಗಂ ಪದ್ಯಗಳನ್ನು ಇವತ್ತಿನ ತಮಿಳಿಗೆ ತಂದವರೂ ಇವರೇ.

ಇನ್ನು ಸಿನಿಮಾ. 'ಗಾಯತ್ರಿ', 'ಪ್ರಿಯಾ' ಅವರ ಕಥೆಗಳಿಂದಲೇ ಬಂದವು. ರಜನಿಕಾಂತ್, ಶ್ರೀದೇವಿ ಇದ್ದ 'ಪ್ರಿಯಾ' ಕನ್ನಡದಲ್ಲೂ ತಯಾರಾಯಿತು. ಆಮೇಲೆ 'ರೋಜಾ', 'ಇಂಡಿಯನ್', 'ಮುದಲ್ವನ್', 'ಅನ್ನಿಯನ್', 'ಶಿವಾಜಿ', ಎಲ್ಲಕ್ಕೂ ಸಂಭಾಷಣೆ ಅವರದ್ದು. ಅವರ ಸಂಭಾಷಣೆಯೂ ಇದ್ದ 'ಎಂದಿರನ್' ತೆರೆಗೆ ಬಂದದ್ದು 2010ರಲ್ಲಿ, ಅವರು 2008ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. ಚಿತ್ರಕಥೆ ಬರೆಯೋದು ಹೇಗೆ ಅಂತ ಒಂದು ಪುಸ್ತಕವನ್ನೂ ಬರೆದಿದ್ದಾರೆ.

ಆದರೂ ನನ್ನನ್ನು ಕೇಳಿದರೆ ಸಿನಿಮಾದ ಸುಜಾತಾ ಎರಡನೇ ದರ್ಜೆ. ಅಲ್ಲಿ ಹೀರೋ ಇದ್ದಾನೆ, ಬಜೆಟ್ ಇದೆ, ಶಿಳ್ಳೆ ಬೀಳುವ ಜಾಗ ಮೊದಲೇ ಗುರುತು ಹಾಕಿರುತ್ತಾರೆ, ಅದರ ನಡುವೆ ಆ ತುಂಟತನಕ್ಕೆ ಸಿಗುವ ಜಾಗವೇ ಕಡಿಮೆ. 'ಶ್ರೀರಂಗತ್ತು ದೇವತೈಗಳ್' ಕಥೆಗಳಲ್ಲಿ ನೋಡಿ, ಅಜ್ಜಿ, ಕ್ರಿಕೆಟ್ಟು, ಗುಡಿ ಬೀದಿಯ ವಿಚಿತ್ರ ಜನ, ಯಾರನ್ನೂ ಬೈಯಲ್ಲ, ಯಾರನ್ನೂ ಹೊಗಳಲ್ಲ, ನಗಿಸುತ್ತಲೇ ಎದೆಗೆ ಚುಚ್ಚುತ್ತಾರೆ. ತಮಿಳು ಅಲ್ಪಸ್ವಲ್ಪ ಓದಲು ಬರುವವರು ಇಲ್ಲಿಂದಲೇ ಶುರುಮಾಡಿ. ಗಣೇಶ್-ವಸಂತ್ ಆಮೇಲೆ ನೋಡಿಕೊಂಡರಾಯಿತು.