ಮಕ್ಕಳನ್ನ ಇಟ್ಕೊಂಡು ಕಸೂತಿ ಯಾವಾಗ ಹಾಕ್ತೀರಿ?

"ಮಕ್ಕಳು ಇನ್ನಾ ಸಣ್ಣವು, ಇದನ್ನೆಲ್ಲಾ ಯಾವಾಗ ಮಾಡ್ತಿ ಬೇ?" ನನ್ನನ್ನು ಜನ ಕೇಳುವುದು ಇದನ್ನೇ. ನವನಗರದಲ್ಲಿ ತರಕಾರಿ ಆರಿಸುವಾಗ ಕೇಳ್ತಾರೆ, ಕುಬಸದ (ಸೀಮಂತದ) ಮನೆಯಲ್ಲಿ ಉಡಿ ತುಂಬುವಾಗ ಕೇಳ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ಕೊಡುವ ಬೆಂಗಳೂರಿನವರೂ ರೇಟು ಕೇಳಿದ ಮೇಲೆ ಮೆಲ್ಲಗೆ ಇದನ್ನೇ ಕೇಳ್ತಾರೆ. ಕೆಲವರಿಗೆ ತಾವೂ ಏನಾದರೂ ಶುರು ಮಾಡಬೇಕು ಅಂತ ಆಸೆ ಇರುತ್ತೆ. ಅವರಿಗಾಗಿಯೇ ಉದ್ದಕ್ಕೆ ಬರೀತಿದ್ದೀನಿ.

ನನ್ನ ಕೆಲಸ ಇಷ್ಟು. ಕೂಸುಗಳಿಗೆ ಕುಲಾಯಿ, ಕುಂಚಿಗೆ ಮಾಡ್ತೀನಿ. ಬಾಗಲಕೋಟೆ ಕಡೆಯವರಿಗೆ ಹೇಳಬೇಕಿಲ್ಲ, ಆದರೆ ದೂರದವರಿಗೆ: ಕುಲಾಯಿ ಅಂದ್ರೆ ತಲೆಗಷ್ಟೇ ಹಾಕುವ ಟೋಪಿ, ಕುಂಚಿಗೆ ತಲೆಯಿಂದ ಬೆನ್ನ ಮೇಲೂ ಇಳಿಬೀಳುತ್ತೆ. ಗುಳೇದಗುಡ್ಡದ ಖಣದಲ್ಲಿ (ರವಿಕೆಗೆ ನೇಯುವ ಬಟ್ಟೆ) ಅಂಚು ಕೊಟ್ಟು, ನಡುವಿನ ಸಾದಾ ಹತ್ತಿ ಬಟ್ಟೆಯ ಮೇಲೆ ಕಸೂತಿ ಹಾಕಿ, ಒಳಗೆ ಮೆತ್ತನೆ ಹಳೇ ಸೀರೆಯ ಅಸ್ತರು ಕೊಡ್ತೀನಿ. ಜೊತೆಗೆ ತೊಟ್ಟಿಲಿಗೆ ಹಾಕುವ ಸಣ್ಣ ಕೌದಿ, ಅಂದ್ರೆ ಹಳೇ ಬಟ್ಟೆ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ. ಇವೆಲ್ಲ ಹೊಸದೇನಲ್ಲ, ನಮ್ಮ ಅಜ್ಜಿಯರು ಮನೆಯಲ್ಲೇ ಮಾಡ್ತಿದ್ದದ್ದು. ಈಗ ಮನೆಯಲ್ಲಿ ಮಾಡೋರು ಕಡಿಮೆ, ತೊಟ್ಟಿಲ ಕಾರ್ಯಕ್ಕೆ ಬೇಕು ಅನ್ನೋರು ಜಾಸ್ತಿ. ನನ್ನ ವ್ಯಾಪಾರ ನಡೀತಿರೋದೇ ಅಷ್ಟರಲ್ಲಿ.

ಈಗ ಪ್ರಶ್ನೆಗೆ ಬರ್ತೀನಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮನೆ ಏಳೋದರೊಳಗೆ ಕೆಲಸ ಮುಗಿಸ್ತೀನಿ ಅಂತ ಹೇಳೋರನ್ನು ನೀವೂ ನೋಡಿರ್ತೀರಿ. ನನಗೆ ಅದು ಆಗಲ್ಲ. ರಾತ್ರಿ ಸಣ್ಣವಳು ಎದ್ದೇ ಏಳ್ತಾಳೆ, ನಾಲ್ಕಕ್ಕೆ ಎದ್ದರೆ ನನ್ನ ಕಣ್ಣಿಗೆ ದಾರವೇ ಕಾಣಲ್ಲ. ಅದಕ್ಕೇ ನಾನು ಟೈಮ್ ಟೇಬಲ್ ಹಾಕೋ ಗೋಜಿಗೆ ಹೋಗಿಲ್ಲ. ನಾನು ವಿಂಗಡಿಸಿರೋದು ಕೆಲಸವನ್ನ. ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದರೂ ಕೆಡಲ್ಲ, ಯಾವುದು ಕೆಡುತ್ತೆ, ಇಷ್ಟೇ ಲೆಕ್ಕ.

ಕಸೂತಿ ಹಾಕೋರಿಗೆ ಇದು ತಕ್ಷಣ ಗೊತ್ತಾಗುತ್ತೆ. ನಮ್ಮಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರ್ಕೊಳ್ಳೋ ಪದ್ಧತಿ ಇಲ್ಲ. ಎಳೆ ಎಣಿಸಿಯೇ ಹಾಕಬೇಕು, ಗಂಟು ಹಾಕೋ ಹಾಗಿಲ್ಲ. ಇದರಲ್ಲಿ ಗವಂತಿ ಇದೆಯಲ್ಲ, ಅದು ಹೋಗಿ ಬರುವ ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು ಗೆರೆ ತುಂಬುತ್ತೆ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತೆ, ಆಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತೆ. ಗೋಪುರದ ಚಿತ್ತಾರ ಹಾಕುವಾಗ ಮೇಲೆ ಹತ್ತಿ, ಪಕ್ಕದ ಕವಲಿಗೆ ಹೋಗಿ, ಅಲ್ಲಿಂದ ಯಾವ ದಾರಿಯಲ್ಲಿ ಇಳೀಬೇಕು ಅನ್ನೋದನ್ನು ಮೊದಲೇ ತಲೆಯಲ್ಲಿ ಇಟ್ಕೊಂಡಿರಬೇಕು. ಆ ಹೊತ್ತಿಗೆ ಸರಿಯಾಗಿ "ಅವ್ವಾ, ಉಚ್ಚಿ" ಅಂತ ಕೂಗು ಬಂತು ಅಂದ್ಕೊಳ್ಳಿ. ಎದ್ದು ಹೋಗಿ, ತೊಳೆದು, ಚಡ್ಡಿ ಬದಲಿಸಿ ಬಂದು ಕೂತರೆ ಸೂಜಿ ಬಟ್ಟೆಯಲ್ಲೇ ಇರುತ್ತೆ, ದಾರಿ ಮಾತ್ರ ತಲೆಯಿಂದ ಹೋಗಿರುತ್ತೆ. ಮತ್ತೆ ಮೊದಲಿಂದ ಎಣಿಸಬೇಕು. ಮೆಟ್ಟಿಲಿನ ಥರ ಹೋಗುವ ಮುರಗಿಯದ್ದೂ ಇದೇ ಕಥೆ.

ಮೆಂತೆ ಹಾಗಲ್ಲ. ಅದು ಗುಣಾಕಾರದ ಗುರುತಿನ ಥರದ ಹೊಲಿಗೆ, ಒಂದೊಂದು ಅಲ್ಲಲ್ಲಿಗೇ ಮುಗಿಯುತ್ತೆ. ಎಲ್ಲಿ ಬಿಟ್ಟರೂ ಮುಂದಿನದು ಎಲ್ಲಿ ಅಂತ ಕಣ್ಣಿಗೇ ಕಾಣುತ್ತೆ. ನೇಯ್ಗೆಯೂ ಸಾಲು ಸಾಲಾಗಿ ಹೋಗುವುದರಿಂದ ಸಾಲಿನ ಕೊನೆಗೆ ನಿಲ್ಲಿಸಬಹುದು. ಹಾಗಾಗಿ ಮಕ್ಕಳು ಎದ್ದಿರುವಾಗ ಮೆಂತೆಯಲ್ಲಿ ತುಂಬುವುದು, ದಾರದ ಲಡಿ ಬಿಚ್ಚಿ ಎಳೆ ಬೇರೆ ಮಾಡುವುದು, ಖಣ ಕತ್ತರಿಸುವುದು, ಪ್ಯಾಕಿಂಗ್. ಗವಂತಿ ಮತ್ತು ಮುರಗಿ ಮಾತ್ರ ದೊಡ್ಡವನು ಶಾಲೆಯಲ್ಲಿ, ಸಣ್ಣವಳು ಅಂಗನವಾಡಿಯಲ್ಲಿ ಇರುವಾಗ. ಆ ಹೊತ್ತಿನಲ್ಲಿ ನಾನು ಫೋನೂ ಎತ್ತಲ್ಲ, ಪಾತ್ರೆಯೂ ತೊಳೆಯಲ್ಲ. ಮನೆ ಹರಡಿಕೊಂಡಿದ್ದರೆ ಹರಡಿಕೊಂಡಿರಲಿ, ಬಂದವರು ನೋಡ್ಕೊಂಡು ಹೋಗಲಿ.

ನೀವು ಕಸೂತಿ ಬಿಟ್ಟು ಬೇರೆ ಏನೇ ಮಾಡ್ತಿರಿ, ಮಣ್ಣಿನ ಆಭರಣ, ಗೋಡೆಗೆ ಹಾಕುವ ಚಿತ್ರ, ರೆಸಿನ್ನು, ಯಾವುದಾದರೂ ಸರಿ, ನಿಮ್ಮ ಕೆಲಸದಲ್ಲಿ ಗವಂತಿ ಯಾವುದು, ಮೆಂತೆ ಯಾವುದು ಅಂತ ಮೊದಲು ನೋಡ್ಕೊಳ್ಳಿ. ರೆಸಿನ್ ಕಲಸಿದ ಮೇಲೆ ಕೂಸು ಅತ್ತರೆ ಅದು ನಿಮಗಾಗಿ ಕಾಯಲ್ಲ, ಗಟ್ಟಿಯಾಗಿ ಹೋಗುತ್ತೆ. ಅಂಥ ಕೆಲಸವೇ ಮುಕ್ಕಾಲು ಪಾಲು ಇದ್ದರೆ, ನಿಜ ಹೇಳ್ತೀನಿ, ಮಕ್ಕಳು ಶಾಲೆಗೆ ಹೋಗುವವರೆಗೆ ಬೇರೆ ಏನಾದರೂ ಹುಡುಕೋದು ಒಳ್ಳೆಯದು.

ಇನ್ನು ಸಹಾಯ. ನಾನು ಒಬ್ಬಳೇ ಮಾಡ್ತೀನಿ ಅಂತ ಯಾವತ್ತೂ ಹೇಳಿಲ್ಲ. ಕೌದಿಯ ಟಾಕಿ, ಅಂದ್ರೆ ಸಾಲು ಸಾಲು ಕೈಹೊಲಿಗೆ, ಪೂರ್ತಿ ನಮ್ಮ ಅತ್ತೆಯವರದ್ದು. ಅವರ ಸಾಲು ಎಷ್ಟು ನೆಟ್ಟಗೆ ಇರುತ್ತೆ ಅಂದ್ರೆ, ಗಿರಾಕಿಗಳು ಮೆಷಿನ್ನಾ ಅಂತ ಕೇಳ್ತಾರೆ, ಅತ್ತೆಯವರಿಗೆ ಸಿಟ್ಟು ಬರುತ್ತೆ. ಅವರಿಗೆ ಪೀಸಿಗೆ ಇಷ್ಟು ಅಂತ ದುಡ್ಡು ಕೊಡ್ತೀನಿ. ಮೊದಮೊದಲು "ಮನೀ ಕೆಲಸಕ್ಕ ಯಾರರ ರೊಕ್ಕ ಇಸ್ಕೋತಾರೇನು" ಅಂದಿದ್ದರು. ಈಗ ತಿಂಗಳ ಕೊನೆಗೆ ಅವರೇ ಲೆಕ್ಕದ ಬುಕ್ಕು ತಾ ಅಂತಾರೆ. ಗೃಹಲಕ್ಷ್ಮಿಯ 2000 ಅವರ ಖಾತೆಗೆ ಬರುತ್ತೆ, ಅದನ್ನು ನಾನು ಮುಟ್ಟಲ್ಲ, ಅದು ಬೇರೆ, ದುಡಿದ ದುಡ್ಡು ಬೇರೆ. ಸಂಜೆ ಎರಡು ಗಂಟೆ ಪಕ್ಕದ ಮನೆಯ ಕಾಲೇಜು ಹುಡುಗಿ ಮಕ್ಕಳನ್ನು ಆಡಿಸ್ತಾಳೆ, ಅವಳಿಗೂ ಕೊಡ್ತೀನಿ. ಸುಮ್ನೆ ಪ್ರೀತಿಯಿಂದ ಮಾಡಿಸ್ಕೊಂಡರೆ ಒಂದು ದಿನ ಬೇಜಾರಾಗಿ ಬಿಟ್ಟುಬಿಡ್ತಾರೆ, ಬೇಡ ಅನ್ನೋಕೆ ನಮಗೂ ಬಾಯಿ ಇರಲ್ಲ.

ಈ ದುಡ್ಡು ಎಲ್ಲಿಂದ ಬರಬೇಕು? ಕುಂಚಿಗೆಯ ರೇಟಿನಿಂದಲೇ. ಇಲ್ಲೇ ಬಹಳ ಹೆಣ್ಣುಮಕ್ಕಳು ಜಾರ್ತಾರೆ. ಬಟ್ಟೆಗೆ ಇಷ್ಟು, ದಾರಕ್ಕೆ ಇಷ್ಟು, ಮೇಲೆ ಒಂದು ನೂರು ಅಂತ ಹಾಕಿ ಕೊಟ್ಟುಬಿಡ್ತಾರೆ, "ಮನೆಯಲ್ಲೇ ಇರ್ತೀನಲ್ಲ" ಅಂತ. ಒಂದು ಲೆಕ್ಕ ಹಾಕಿ ನೋಡಿ. ಒಂದು ಕುಂಚಿಗೆಗೆ 12 ಗಂಟೆ ಕೈಕೆಲಸ ಹಿಡಿಯುತ್ತೆ ಅಂದ್ಕೊಳ್ಳಿ. ಗಂಟೆಗೆ 70 ರೂಪಾಯಿ ಇಟ್ಟರೂ 840 ಆಯಿತು. ಬಟ್ಟೆ, ಖಣ, ದಾರ, ಕೊರಿಯರ್ ಸೇರಿ 300 ಅಂದರೆ 1140. ಆಡಿಸುವ ಹುಡುಗಿಯ ಪಾಲು ಇನ್ನೂ ಇದರಲ್ಲಿ ಬಂದಿಲ್ಲ. ಇದನ್ನು 600ಕ್ಕೆ ಕೊಟ್ಟರೆ ಸಾಮಾನಿನ ಖರ್ಚು ಹೋಗಿ ಉಳಿಯೋದು 300, ಗಂಟೆಗೆ 25 ರೂಪಾಯಿ.

"ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಸಿಗ್ತಾವ್ರಿ" ಅನ್ನೋರು ಬಂದೇ ಬರ್ತಾರೆ. ಸಿಗುತ್ತೆ, ಸುಳ್ಳಲ್ಲ. ಅದು ಮೆಷಿನ್ನಿನದು. ತಿರುಗಿಸಿ ನೋಡಿ ಅಂತೀನಿ. ಮೆಷಿನ್ನಿನದರ ಹಿಂದೆ ಬಾಬಿನ್ ದಾರ ಬೇರೆ ಕಾಣುತ್ತೆ, ಕೈಯ ಗವಂತಿಯಲ್ಲಿ ಹಿಂದೂ ಅದೇ ಗೋಪುರ ಇರುತ್ತೆ. ಇಷ್ಟು ತೋರಿಸಿದ ಮೇಲೂ ಬೇಡ ಅಂದರೆ ಬೇಡ. ಕಸೂತಿಗೆ ಜಿಐ ಟ್ಯಾಗ್ (ಇದು ಈ ಸೀಮೆಯದೇ ಅನ್ನೋ ಸರ್ಕಾರಿ ಗುರುತು) ಬಂದಿದೆ, ಇಳಕಲ್ ಸೀರೆಗೂ ಬಂದಿದೆ, ಒಳ್ಳೆಯದೇ. ಆದರೆ ಗಿರಾಕಿಯ ಮುಂದೆ ಕೂತು ರೇಟು ಹೇಳುವಾಗ ಆ ಟ್ಯಾಗ್ ನಿಮ್ಮ ಪರವಾಗಿ ಮಾತಾಡಲ್ಲ, ನೀವೇ ಮಾತಾಡಬೇಕು.

ಸರ್ಕಾರದ ಕಡೆಯಿಂದ ಏನು ಸಿಗುತ್ತೆ ಅಂತಲೂ ಕೇಳ್ತಾರೆ. ನನಗೆ ನಿಜವಾಗಿ ಉಪಯೋಗ ಆಗಿದ್ದು ಬಸ್ಸು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಖಣ ತರೋಕೆ ಗುಳೇದಗುಡ್ಡಕ್ಕೆ ಹೋಗುವುದಕ್ಕೆ ಟಿಕೆಟ್ ದುಡ್ಡು ಕೊಡಬೇಕಿಲ್ಲ, ಹಾಗಾಗಿ ಒಮ್ಮೆಗೇ ಜಾಸ್ತಿ ತಂದು ದುಡ್ಡು ಕಟ್ಟಿಹಾಕೋ ಕಷ್ಟ ತಪ್ಪಿದೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಫೋನಿನಲ್ಲೇ ಆಗುತ್ತೆ, ಯಾರಿಗೂ ದುಡ್ಡು ಕೊಡಬೇಡಿ. ಕೈಕಸುಬಿನವರಿಗೆ ನೆರವು ಕೊಡುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬಿನ ಪಟ್ಟಿಯಲ್ಲಿ ದರ್ಜಿ ಇದೆ, ಕಸೂತಿ ಅಂತ ಬೇರೆಯಾಗಿ ಇಲ್ಲ. ಇನ್ನೊಂದು ಮಾತು. ನೌಕರಿ ಮಾಡುವವರಿಗೆ ಹೆರಿಗೆಗೆ 26 ವಾರ ಸಂಬಳದ ರಜೆ ಅಂತ ಕಾನೂನಿದೆ. ನಮ್ಮಂಥವರಿಗೆ ರಜೆ ಕೊಡೋ ಮಾಲೀಕರೂ ನಾವೇ, ಸಂಬಳ ಕೊಡೋರೂ ನಾವೇ. ಎರಡನೇ ಹೆರಿಗೆಗೆ ಮುಂಚೆ ಹೊಸ ಆರ್ಡರ್ ನಿಲ್ಲಿಸಿ, ಕೂಡಿಟ್ಟಿದ್ದರಲ್ಲೇ ತವರಿಗೆ ಹೋಗಿ ಕೂತಿದ್ದೆ. ಅಷ್ಟು ಕೂಡಿಡೋಕಾಗಿದ್ದು ರೇಟು ಸರಿ ಇಟ್ಟಿದ್ದಕ್ಕೇ.

ನಮ್ಮ ಕೆಲಸದಲ್ಲಿ ಒಂದು ವಿಚಿತ್ರ ಕಷ್ಟವೂ ಇದೆ. ಗಿರಾಕಿಯ ಕೂಸು ಯಾವಾಗ ಹುಟ್ಟುತ್ತೋ ಯಾರಿಗೂ ಗೊತ್ತಿರಲ್ಲ. ತೊಟ್ಟಿಲಿಗೆ ಬೇಕು ಅಂತಾರೆ. ಹುಟ್ಟಿದ ಮೇಲೆ ಫೋನ್ ಮಾಡಿದರೆ ನನಗೆ ಉಳಿಯೋದು ಹತ್ತು ಹನ್ನೆರಡು ದಿನ, ಆ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದೇ ಇರುತ್ತೆ. ಅದಕ್ಕೇ ನಾನು ಕುಬಸದ ಹೊತ್ತಿಗೇ ಹೇಳಿ ಅಂತೀನಿ, ಅರ್ಧ ದುಡ್ಡು ಮುಂಗಡ. "ಗಂಡೋ ಹೆಣ್ಣೋ ಗೊತ್ತಾಗೋ ತನಕ ಬಣ್ಣ ಹೆಂಗ್ ಹೇಳೋದು?" ಅಂತಾರೆ. ನನ್ನ ಹತ್ತಿರ ಗಂಡಿನ ಬಣ್ಣ ಹೆಣ್ಣಿನ ಬಣ್ಣ ಅಂತ ಇಲ್ಲ. ಕೆಂಪು, ಹಸಿರು, ಹಳದಿ, ಯಾವ ಕೂಸಿಗಾದರೂ ಚೆಂದ. ಬಣ್ಣ ಬಿಡದ ದಾರವೇ ಹಾಕ್ತೀನಿ, ಮೊದಲು ಒಂದು ತುಂಡಿಗೆ ಹಾಕಿ ಒಗೆದು ನೋಡ್ತೀನಿ, ಯಾಕಂದ್ರೆ ಕೂಸುಗಳು ಕುಂಚಿಗೆಯ ಲಾಡಿಯನ್ನು ಚೀಪದೇ ಬಿಡಲ್ಲ.

ಇಷ್ಟೆಲ್ಲ ಮಾಡಿದರೂ ಬಗೆಹರಿಯದೇ ಇರೋದು ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆ ಇಲ್ಲ, ಇಬ್ಬರೂ ದಿನವಿಡೀ ಮನೆಯಲ್ಲಿ. ನಮ್ಮೂರ ಬಿಸಿಲು ನಿಮಗೆ ಗೊತ್ತು, ಬೆವರಿನ ಕೈಯಲ್ಲಿ ಬಿಳಿ ಬಟ್ಟೆ ಹಿಡಿಯೋಕಾಗಲ್ಲ, ಸೂಜಿ ಜಾರುತ್ತೆ. ಮದುವೆ, ಕಾರ್ಯಗಳೂ ಆಗಲೇ ಜಾಸ್ತಿ, ಆರ್ಡರ್ ಕೇಳೋರೂ ಆಗಲೇ ಜಾಸ್ತಿ. ಆ ದಿನಗಳಲ್ಲಿ ಕಸೂತಿ ಆರ್ಡರ್ ತಗೊಳ್ಳೋದನ್ನು ಬಿಟ್ಟಿದ್ದೀನಿ. ಅತ್ತೆಯವರ ಕೌದಿ ಸಿಗುತ್ತೆ, ಚಳಿಗಾಲದಲ್ಲಿ ಮಾಡಿಟ್ಟ ಕುಲಾಯಿ ಇದ್ದರೆ ಸಿಗುತ್ತೆ. ಉಳಿದವರಿಗೆ ಜೂನ್‌ನಲ್ಲಿ ಫೋನ್ ಮಾಡಿ ಅಂತೀನಿ. ಕೆಲವರು ಮಾಡ್ತಾರೆ, ಕೆಲವರು ಬೇರೆ ಕಡೆ ಹೋಗ್ತಾರೆ.